ಗೃಹಸ್ಥರ ಪುಟ: ಬಾಯಿ ಹೊಲಿದ ಮೂಟೆ

ಮಲೆನಾಡಿನಲ್ಲಿ ಮಳೆಗಾಲವೆಂದರೆ ಮಕ್ಕಳು ಮನೆಯೊಳಗಿರುವ ಕಾಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಹಳ್ಳಗಳು ತುಂಬುವುವು. ಕಾಲುಸಂಕಗಳನ್ನು ದಾಟುವುದು ಅಪಾಯಕರವಾಗುವುದು. ಪಾಠಶಾಲೆಗಳಿಗೆ ರಜೆ ಸಾರುವರು. ಹಿಂದಿನವರ ಮನೆಗಳಲ್ಲಿ ಇಂಥ ದಿನಗಳಿಗೆಂದೇ ಚೆನ್ನೆಮಣೆಯೂ ಪಗಡೆಯ ಹಾಸೂ ಇರುತ್ತಿದ್ದುವು. ಈಗ ಆ ಸ್ಥಾನವನ್ನು ಮೊಬೈಲು ಆಕ್ರಮಿಸಿದೆ. ಈ ಯಂತ್ರವು ಅನೇಕ ಮನೆಗಳ ಮಕ್ಕಳ ಕೈಗೆ ಬಂದುದು ಆಟದ ನೆಪದಿಂದಲ್ಲ, ಪಾಠದ ನೆಪದಿಂದ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ಲನ್ನು ಅರಸುತ್ತ ಗುಡ್ಡವೇರಿ ಕುಳಿತು ಪಾಠ ಕೇಳಿದುದನ್ನು ವಾಚಕರು ಮರೆತಿರಲಾರರು. ಪಾಠವು ಶಾಲೆಗೆ ಹಿಂದಿರುಗಿತು. ಯಂತ್ರವು ಮನೆಯಲ್ಲಿಯೇ ಉಳಿಯಿತು.

ಆ ಯಂತ್ರದೊಳಗೆ ನಡೆಯುತ್ತಿರುವ ಒಂದು ವ್ಯಾಪಾರವನ್ನು ಕುರಿತು ಈ ತಿಂಗಳು ಗೃಹಸ್ಥರೊಡನೆ ವಿಚಾರಮಾಡಬೇಕೆಂದಿದ್ದೇವೆ. ಮಕ್ಕಳು, ವಿಶೇಷವಾಗಿ ಹತ್ತರಿಂದ ಹದಿನಾರರ ಪ್ರಾಯದ ಹುಡುಗರು, ಬಹಳ ಪ್ರೀತಿಯಿಂದ ಆಡುವ ಮೋಟಾರು ಪಂದ್ಯದ ಆಟಗಳಲ್ಲಿ ಈ ವ್ಯಾಪಾರವು ಸೇರಿಕೊಂಡಿದೆ. ಆಟವನ್ನೇ ಹಳಿಯುವುದು ನಮ್ಮ ಉದ್ದೇಶವಲ್ಲ. ಗಾಜಿನ ಮೇಲೆ ಓಡುವ ಕಾರನ್ನು ತಿರುವಿನಲ್ಲಿ ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅರಿಯಲು ಕಣ್ಣೂ ಕೈಯೂ ಒಂದಾಗಬೇಕು. ಅದೊಂದು ಜಾಣ್ಮೆಯೇ ಸರಿ. ಚಿಕ್ಕಮಗಳೂರು ಜಿಲ್ಲೆಯ ಮಕ್ಕಳಿಗಂತೂ ಮೋಟಾರು ಪಂದ್ಯವು ಕೇವಲ ಗಾಜಿನ ಮೇಲಿನ ಚಿತ್ರವಲ್ಲ. ಅಲ್ಲಿಯ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ನಿಜವಾದ ಪಂದ್ಯಗಳು ನಡೆದಿವೆ. 2016ರ ಡಿಸೆಂಬರಿನಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಪಂದ್ಯಾವಳಿಯ ಭಾರತದ ಸುತ್ತು ಚಿಕ್ಕಮಗಳೂರಿನಲ್ಲಿಯೇ ಜರುಗಿತು. ಆ ಪಂದ್ಯಗಳಲ್ಲಿ ಹೆಸರು ಗಳಿಸಿದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿಯೂ ದೊರೆಯಿತು. ಇಂಥ ಸೀಮೆಯ ಹುಡುಗನಿಗೆ ಓಡುವ ಕಾರಿನ ಮೇಲೆ ಆಸೆ ಹುಟ್ಟುವುದು ತಪ್ಪೆನ್ನಲಾಗದು. ನಾವು ಪ್ರಶ್ನಿಸಬೇಕಾದುದು ಆ ಆಸೆಗೆ ಕಟ್ಟಿರುವ ಬೆಲೆಯನ್ನು.

ಈ ಆಟಗಳಲ್ಲಿ ಅನೇಕವನ್ನು ಪುಕ್ಕಟೆಯಾಗಿ ಕೊಡುವರು. ಪುಕ್ಕಟೆಯಾಗಿ ಕೊಟ್ಟವನು ಬದುಕುವುದು ಹೇಗೆಂದು ಕೇಳಿದರೆ, ಅವನ ಸಂಪಾದನೆಯ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಚಿಲ್ಲರೆ ಮಾರಾಟ. 2013ರಲ್ಲಿ ಹೊರಬಂದ ‘ರಿಯಲ್ ರೇಸಿಂಗ್ 3’ ಎಂಬ ಆಟವನ್ನೇ ನೋಡಿರಿ. ಅದರಲ್ಲಿ ಪಂದ್ಯವಾಡಿದ ಕಾರು ಸವೆಯುತ್ತಿತ್ತು. ಅದರ ರಿಪೇರಿಗೆಂದು ಆಡುವವನು ನಿಜವಾಗಿಯೇ ಗಡಿಯಾರ ನೋಡುತ್ತ ಕಾಯಬೇಕಾಗಿತ್ತು. ಕಾಯಲಾರೆನೆಂದರೆ ಚಿನ್ನದ ನಾಣ್ಯವನ್ನು ತೆತ್ತು ಆ ಕ್ಷಣವೇ ಕಾರನ್ನು ಬಿಡಿಸಿಕೊಳ್ಳಬಹುದಾಗಿತ್ತು. ಆ ಚಿನ್ನವು ಆಟದೊಳಗಿನ ಚಿನ್ನ. ಅದನ್ನು ಕೊಳ್ಳುವುದು ಮಾತ್ರ ಹೊರಗಿನ ರೂಪಾಯಿಯಿಂದ. ಹೀಗೆ ಕಾಯುವ ಕಷ್ಟವನ್ನು ತಾನೇ ಸೃಷ್ಟಿಸಿ, ಅದರ ಪರಿಹಾರವನ್ನು ತಾನೇ ಮಾರುವ ಅಂಗಡಿಯಿದು. ಒಂದೊಂದು ಸಲಕ್ಕೆ ಕೊಡುವುದು ಅಲ್ಪ. ಆದರೆ ಹನಿಹನಿಗೂಡಿದರೆ ಹಳ್ಳವೆಂಬುದು ಕೂಡಿಡುವವನಿಗೆ ಎಷ್ಟು ನಿಜವೋ ಕಳೆಯುವವನಿಗೂ ಅಷ್ಟೇ ನಿಜ.

ನಾಣ್ಯದ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಾಮಾನಿನ ಬೆಲೆ 80 ನಾಣ್ಯವೆಂದಿಟ್ಟುಕೊಳ್ಳೋಣ. ನಾಣ್ಯಗಳನ್ನು ಮಾರುವುದು ಮಾತ್ರ ನೂರರ ಕಟ್ಟುಗಳಲ್ಲಿ. ಕೊಂಡ ಮೇಲೆ 20 ನಾಣ್ಯ ಉಳಿಯುವುದು. ಅದು ಯಾವುದಕ್ಕೂ ಸಾಲದು, ಬಿಸಾಡಲೂ ಮನಸ್ಸು ಬಾರದು. ಅದನ್ನು ಸಾರ್ಥಕಗೊಳಿಸಲು ಮತ್ತೆ ನೂರು ಕೊಳ್ಳಬೇಕು. ರೂಪಾಯಿಯು ನಾಣ್ಯವಾಗಿ, ನಾಣ್ಯವು ಹರಳಾಗಿ, ಹರಳು ಬೀಗದ ಕೈಯಾಗಿ ರೂಪಾಂತರ ಹೊಂದುವಷ್ಟರಲ್ಲಿ ತಾನು ಖರ್ಚುಮಾಡಿದುದು ಎಷ್ಟೆಂಬ ಲೆಕ್ಕವು ದೊಡ್ಡವರಿಗೇ ತಪ್ಪುವುದು. ಮಕ್ಕಳ ಮಾತು ಹೇಳಬೇಕಾದುದೇ ಇಲ್ಲ.

ಎರಡನೆಯ ದಾರಿ ಮುಚ್ಚಿದ ಪೆಟ್ಟಿಗೆಯದು. ಇದನ್ನು ‘ಲೂಟ್ ಬಾಕ್ಸ್’, ‘ಲೂಟ್ ಕ್ರೇಟ್’ ಎಂದು ಕರೆಯುವರು. ‘ಲೂಟ್’ ಎಂಬುದು ನಮ್ಮ ದೇಶದ ಮಾತೇ. ನಾವು ಲೂಟಿಯೆನ್ನುವ ಆ ಶಬ್ದವು ಹಿಂದಿಯಿಂದ ಇಂಗ್ಲಿಷಿಗೆ ಹೋಗಿ, ಈಗ ಮಕ್ಕಳ ಆಟದ ಹೆಸರಾಗಿ ಮನೆಗೆ ಹಿಂದಿರುಗಿದೆ. ಪೆಟ್ಟಿಗೆಗೆ ಬೆಲೆಯುಂಟು, ಒಳಗೇನಿದೆಯೆಂದು ಮಾತ್ರ ತಿಳಿಯದು. ತೆರೆದರೆ ಒಳ್ಳೆಯ ಕಾರು ಬರಬಹುದು, ಬರಿಯ ಬಣ್ಣ ಬರಬಹುದು, ಈಗಾಗಲೆ ಇರುವ ಸಾಮಾನೇ ಮತ್ತೊಮ್ಮೆ ಬರಬಹುದು. 2018ರಲ್ಲಿ ಬಂದ ‘ಆಸ್ಫಾಲ್ಟ್ 9’ ಎಂಬ ಆಟದಲ್ಲಿ ಕಾರು ಇಡಿಯಾಗಿಯೂ ಬರುವುದಿಲ್ಲ; ಅದರ ನಕ್ಷೆಯ ಚೀಟಿಗಳನ್ನು ಒಂದೊಂದಾಗಿ ಕೂಡಿಸಬೇಕು. 2017ರ ‘ನೀಡ್ ಫಾರ್ ಸ್ಪೀಡ್ ಪೇಬ್ಯಾಕ್’ ಆಟದಲ್ಲಿ ಕಾರಿನ ವೇಗವನ್ನು ಹೆಚ್ಚಿಸುವ ಭಾಗಗಳೇ ಅದೃಷ್ಟದ ಚೀಟಿಗಳಾಗಿದ್ದುವು. ಅಂದರೆ, ಚೆನ್ನಾಗಿ ಓಡಿಸಲು ಕಲಿತ ಹುಡುಗನೂ ಮುಂದುವರಿಯಬೇಕಾದರೆ ಚೀಟಿಯೆತ್ತಬೇಕು.

ಇಲ್ಲಿಯೇ ವಿಷಯದ ಮರ್ಮವಿದೆ. ನಮ್ಮ ದೇಶದ ನ್ಯಾಯಸ್ಥಾನಗಳು ಜಾಣ್ಮೆಯ ಆಟವನ್ನೂ ಅದೃಷ್ಟದ ಆಟವನ್ನೂ ಬಹುಕಾಲದಿಂದ ಬೇರ್ಪಡಿಸುತ್ತ ಬಂದಿವೆ. ಕುದುರೆ ಪಂದ್ಯದಲ್ಲಿ ಪ್ರಧಾನವಾದುದು ಜಾಣ್ಮೆಯೆಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮೋಟಾರು ಪಂದ್ಯದ ಆಟವೂ ಜಾಣ್ಮೆಯದೇ. ಆದರೆ ಪೆಟ್ಟಿಗೆಯನ್ನು ತೆರೆಯುವುದರಲ್ಲಿ ಯಾವ ಜಾಣ್ಮೆಯಿದೆ? ಒಂದೇ ಗಾಜಿನ ಮೇಲೆ, ಒಂದೇ ಬೆರಳಿನಿಂದ, ಒಂದಾದ ಮೇಲೊಂದರಂತೆ ಎರಡೂ ನಡೆಯುವುದರಿಂದ, ಪಂದ್ಯಕ್ಕೆ ಸಲ್ಲಬೇಕಾದ ಗೌರವವನ್ನು ಪೆಟ್ಟಿಗೆಯು ಕಡ ತಂದುಕೊಂಡಿದೆ. ‘ಇನ್ನೊಂದು ಸಲ ಪ್ರಯತ್ನಿಸಿದರೆ ಗೆದ್ದೇನು’ ಎಂಬ ಮಾತು ಪಂದ್ಯದಲ್ಲಿ ಪೌರುಷ. ಪೆಟ್ಟಿಗೆಯ ಮುಂದೆ ಅದೇ ಮಾತು ಭ್ರಾಂತಿ. ಈ ಎರಡರ ಅಂತರವನ್ನು ಮಗುವಿಗೆ ತೋರಿಸಿಕೊಡುವುದೇ ಹಿರಿಯರ ಮುಖ್ಯ ಕೆಲಸವೆಂದು ನಮಗೆ ತೋರುತ್ತದೆ.

ತೋರಿಸುವ ಬಗೆಯು ಅಡಿಕೆಯ ಸೀಮೆಯವರಿಗೆ ಕಷ್ಟವಲ್ಲ. ನರಸಿಂಹರಾಜಪುರದ ತೋಟದಿಂದ ಶಿವಮೊಗ್ಗೆಯ ಮಂಡಿಗೆ ಹೋದ ಅಡಿಕೆಯು ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಎಂದು ನೋಡಿಯಲ್ಲದೆ ಯಾವ ವ್ಯಾಪಾರಿಯೂ ಬೆಲೆ ಕಟ್ಟುವುದಿಲ್ಲ. ಮೂಟೆಯ ಬಾಯಿ ಬಿಚ್ಚಿ, ಹಿಡಿ ಅಡಿಕೆಯನ್ನು ಅಂಗೈಮೇಲೆ ಹರಡಿ, ಒಂದೆರಡನ್ನು ಒಡೆದು ನೋಡಿದ ಮೇಲೆಯೇ ಮಾತು. ‘ಬಾಯಿ ಹೊಲಿದ ಮೂಟೆಯಿದು, ಒಳಗೆ ಸರಕಿದ್ದರೂ ಇರಬಹುದು, ಸಿಪ್ಪೆಯಿದ್ದರೂ ಇರಬಹುದು, ಸರಕಿನ ಆಸೆಯ ಮೇಲೆ ದುಡ್ಡು ಕೊಡಿರಿ’ ಎಂದು ಯಾರಾದರೂ ಹೇಳಿದರೆ ಅಪ್ಪನು ಕೊಳ್ಳುವನೇ ಎಂದು ಮಗನನ್ನು ಕೇಳಿರಿ. ಅವನು ನಗುವನು. ಆ ನಗೆಯೇ ಪಾಠದ ಆರಂಭ.

ಮುಂದಿನ ಪಾಠವು ಲೆಕ್ಕದ್ದು. ಒಂದು ಪೆಟ್ಟಿಗೆಯಲ್ಲಿ ಬಯಸಿದ ಕಾರು ಸಿಕ್ಕುವ ಸಂಭವವು ನೂರಕ್ಕೆ ಒಂದು ಎಂದಿರಲಿ. ಪೆಟ್ಟಿಗೆಯ ಬೆಲೆ 80 ರೂಪಾಯಿಯಿರಲಿ. ನೂರು ಪೆಟ್ಟಿಗೆ ತೆರೆದರೆ ಕಾರು ಸಿಕ್ಕೇ ಸಿಕ್ಕುವುದೆಂದು ಹುಡುಗರೆಲ್ಲರೂ ನಂಬುವರು. ನಿಜವು ಹಾಗಿಲ್ಲ. ಪ್ರತಿಯೊಂದು ಪೆಟ್ಟಿಗೆಯೂ ಹಿಂದಿನದನ್ನು ಮರೆತೇ ತೆರೆಯುವುದು. ಹೀಗೆ ನೂರು ನೂರು ಪೆಟ್ಟಿಗೆಗಳನ್ನು ತೆರೆದ ನೂರು ಹುಡುಗರಲ್ಲಿ ಸುಮಾರು 37 ಮಂದಿ, ತಲಾ 8,000 ರೂಪಾಯಿ ಕಳೆದೂ, ಬರಿಗೈಯಲ್ಲಿ ಹಿಂದಿರುಗುವರು. ಇನ್ನು ಬಿಡಿಭಾಗಗಳನ್ನು ಕೂಡಿಸುವ ಆಟದ ಲೆಕ್ಕ: ಆರು ಬೇರೆಬೇರೆ ಭಾಗಗಳು ಬೇಕು, ಪೆಟ್ಟಿಗೆಗೊಂದರಂತೆ ಯಾವುದಾದರೂ ಒಂದು ಭಾಗವು ಸಮಸಂಭವದಿಂದ ಬರುವುದು ಎನ್ನೋಣ. ಆರು ಪೆಟ್ಟಿಗೆ ಸಾಕೆಂದು ತೋರಿದರೂ, ಸರಾಸರಿಯಲ್ಲಿ ಹದಿನೈದರಷ್ಟು ಬೇಕಾಗುವುವು. ಕಡೆಯ ಒಂದು ಭಾಗಕ್ಕೇ ಸರಾಸರಿ ಆರು ಪೆಟ್ಟಿಗೆಗಳು ಹೋಗುವುವು. ಐದು ಕೂಡಿದ ಮೇಲೆ ಬಿಡುವ ಮನಸ್ಸು ಯಾರಿಗೂ ಬಾರದು. ಬೆಲೆಯು ಏರುವುದೂ ಅಲ್ಲಿಯೇ. ಮನೆಯಲ್ಲಿ ಒಂದು ಲೂಡೋ ದಾಳವಿದ್ದರೆ ಇದನ್ನು ಪರೀಕ್ಷಿಸಿಯೇ ನೋಡಬಹುದು. ಲೂಡೋ ದಾಳವನ್ನು ಉರುಳಿಸುತ್ತ ಒಂದರಿಂದ ಆರರವರೆಗಿನ ಅಂಕೆಗಳೆಲ್ಲವೂ ಒಮ್ಮೆಯಾದರೂ ಬೀಳಲು ಎಷ್ಟು ಸಲ ಬೇಕಾಯಿತೆಂದು ಮಕ್ಕಳಿಂದಲೇ ಬರೆಯಿಸಿರಿ. ಮಳೆಯ ಒಂದು ಸಂಜೆಗೆ ಇದಕ್ಕಿಂತ ಒಳ್ಳೆಯ ಗಣಿತವಿಲ್ಲ. ದುಡ್ಡಿನ ಖರ್ಚೂ ಇಲ್ಲ. ಇದೇ ಬಗೆಯ, ತುಂಡುಗಳನ್ನು ಕೂಡಿಸಿ ಬಹುಮಾನ ಪಡೆಯುವ ಪದ್ಧತಿಯನ್ನು ಜಪಾನು 2012ರಲ್ಲಿಯೇ ಕಾನೂನಿಗೆ ವಿರುದ್ಧವೆಂದು ಸಾರಿತು.

ಬುದ್ಧಿವಂತರಾದ ಮಕ್ಕಳೂ ಇದಕ್ಕೆ ಸಿಕ್ಕಿಕೊಳ್ಳುವುದೇಕೆ? ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ ಎಂಬವರು ಪಾರಿವಾಳಗಳ ಮೇಲೆ ಪ್ರಯೋಗಗಳನ್ನು ನಡೆಸಿ 1957ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಇಂತಿಷ್ಟು ಸಲ ಕುಕ್ಕಿದರೆ ಕಾಳು ಬರುವುದೆಂದು ನಿಯತವಾಗಿದ್ದರೆ ಹಕ್ಕಿಯು ಕಾಳು ತಿಂದ ಮೇಲೆ ಸ್ವಲ್ಪ ವಿಶ್ರಮಿಸುವುದು. ಯಾವ ಸಲಕ್ಕೆ ಬರುವುದೆಂದು ತಿಳಿಯದಂತೆ ಮಾಡಿದರೆ ಬಿಡುವಿಲ್ಲದೆ ಕುಕ್ಕುತ್ತಲೇ ಇರುವುದು. ಕಾಳು ನಿಂತುಹೋದ ಮೇಲೂ ಬಹಳ ಹೊತ್ತು ಬಿಡದು. ಪೆಟ್ಟಿಗೆಯು ಈ ಎರಡನೆಯ ಬಗೆಯದು. ಆದಕಾರಣ, ಸಿಕ್ಕಿಬಿದ್ದ ಮಗುವನ್ನು ಮೂರ್ಖನೆಂದೋ ದುರಾಸೆಯವನೆಂದೋ ಜರಿಯುವುದು ಸಲ್ಲದು. ತಾಳಮದ್ದಳೆಯಲ್ಲಿ ದ್ಯೂತದ ಪ್ರಸಂಗವನ್ನು ಕೇಳಿದವರೆಲ್ಲರೂ ಬಲ್ಲರು: ಆ ದಾಳದ ಮುಂದೆ ಕುಳಿತವನು ದುಷ್ಟನಲ್ಲ, ಧರ್ಮರಾಯ. ಒಳ್ಳೆಯತನವು ಇಂಥ ಆಟಕ್ಕೆ ಕವಚವಾಗದೆಂಬುದನ್ನು ನಮ್ಮ ಪೂರ್ವಿಕರು ಅಷ್ಟು ಹಿಂದೆಯೇ ತಿಳಿದಿದ್ದರು.

ಇದಕ್ಕೆ ಸರ್ಕಾರವು ಏನು ಮಾಡಿದೆಯೆಂದು ವಾಚಕರು ಕೇಳಬಹುದು. ಬಸ್ ನಿಲ್ದಾಣಗಳಲ್ಲಿ ಹಲಗೆಗೆ ಸಿಕ್ಕಿಸಿ ಮಾರುತ್ತಿದ್ದ ಲಾಟರಿ ಚೀಟಿಗಳು ನೆನಪಿರುವವರು ಇನ್ನೂ ಎಷ್ಟೋ ಮಂದಿಯಿದ್ದಾರೆ. ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಮೊಬೈಲಿನಲ್ಲಿ ಹಣವಿಟ್ಟು ಆಡುವ ಆಟಗಳನ್ನು ತಡೆಯಲು ರಾಜ್ಯವು ಪೊಲೀಸ್ ಕಾಯಿದೆಗೆ ಮಾಡಿದ ತಿದ್ದುಪಡಿಯು 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಅದರ ಮುಖ್ಯ ವಿಧಿಗಳನ್ನು ಹೈಕೋರ್ಟು 2022ರ ಫೆಬ್ರವರಿ 14ರಂದು ಅಸಿಂಧುಗೊಳಿಸಿತು. ಅನಂತರ 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ವಿಚಾರವಾಗಿ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯನ್ನು ಅಂಗೀಕರಿಸಿತು. ಹಣವನ್ನಾಗಲಿ ಅಂಥ ಲಾಭವನ್ನಾಗಲಿ ಗೆಲ್ಲುವ ನಿರೀಕ್ಷೆಯಿಂದ ಹಣ ತೆತ್ತು ಆಡುವ ಆಟವು, ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ಆ ಕಾಯಿದೆಯ ಪ್ರಕಾರ ನಿಷಿದ್ಧ. ಅಂಥ ಆಟವನ್ನು ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆಯನ್ನೂ ಒಂದು ಕೋಟಿ ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ವಿಧಿಸಬಹುದು. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಗೆದ್ದುದು ಸಾಮಾನ್ಯವಾಗಿ ಹಣವಾಗಿ ಹೊರಬರುವುದಿಲ್ಲ. ಗೆದ್ದ ಕಾರು ಆಟದೊಳಗೇ ನಿಲ್ಲುವುದು. ‘ನಾವು ಜೂಜಾಡಿಸುತ್ತಿಲ್ಲ, ಆಟಿಕೆ ಮಾರುತ್ತಿದ್ದೇವೆ’ ಎಂದು ವಾದಿಸಲು ಆಟದ ಒಡೆಯರಿಗೆ ಇದರಿಂದ ಎಡೆ ಸಿಕ್ಕುವುದು.

ಪರದೇಶಗಳಲ್ಲಿಯೂ ಏಕಾಭಿಪ್ರಾಯವಿಲ್ಲ. ಬೆಲ್ಜಿಯಮ್ಮಿನ ಜೂಜು ನಿಯಂತ್ರಣ ಮಂಡಲಿಯು 2018ರಲ್ಲಿ ಹಣಕ್ಕೆ ಮಾರುವ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ನಿರ್ಣಯಿಸಿತು. ನೆರೆಯ ನೆದರ್ಲೆಂಡ್ಸಿನಲ್ಲಿ ಒಂದು ದೊಡ್ಡ ಕಂಪೆನಿಗೆ ವಿಧಿಸಿದ್ದ ದಂಡವನ್ನು ಅಲ್ಲಿಯ ಉನ್ನತ ನ್ಯಾಯಸ್ಥಾನವು 2022ರಲ್ಲಿ ರದ್ದುಮಾಡಿತು. ಚೀನವು 2017ರಿಂದ ಪೆಟ್ಟಿಗೆಯೊಳಗಿನ ಪ್ರತಿಯೊಂದು ವಸ್ತುವಿನ ಸಂಭವವನ್ನೂ ಬಹಿರಂಗಪಡಿಸಬೇಕೆಂದು ವಿಧಿಸಿತು; ಅದೇ ವರ್ಷದ ಕಡೆಯಲ್ಲಿ ಆಪಲ್ ಕಂಪೆನಿಯು ತನ್ನ ಅಂಗಡಿಯ ಆಟಗಳಿಗೆ ಇಂಥದೇ ನಿಯಮವನ್ನು ಮಾಡಿತು.

ಇವೆಲ್ಲಕ್ಕಿಂತ ಹೆಚ್ಚಾಗಿ ನಮಗೆ ಭರವಸೆ ಕೊಟ್ಟಿರುವುದು ಆಡುವವರೇ ಎತ್ತಿದ ಧ್ವನಿ. ‘ಫೋರ್ಜಾ ಮೋಟರ್‌ಸ್ಪೋರ್ಟ್ 7’ ಎಂಬ ಪಂದ್ಯದ ಆಟದಲ್ಲಿದ್ದ ಬಹುಮಾನದ ಪೆಟ್ಟಿಗೆಗಳನ್ನು, ಆಡುವವರು ಬೇಸರಪಟ್ಟಮೇಲೆ, ತೆಗೆದುಬಿಡುವುದಾಗಿ ಒಡೆಯರು 2018ರಲ್ಲಿ ಪ್ರಕಟಿಸಿದರು. ಕಾರುಗಳಿಂದ ಚೆಂಡಾಡುವ ‘ರಾಕೆಟ್ ಲೀಗ್’ ಆಟದಲ್ಲಿ 2019ರ ಡಿಸೆಂಬರಿನಿಂದ ಮುಚ್ಚಿದ ಪೆಟ್ಟಿಗೆಯ ಬದಲು ವಸ್ತುವನ್ನೂ ಅದರ ಬೆಲೆಯನ್ನೂ ಮೊದಲೇ ತೋರಿಸುವ ನಕ್ಷೆಗಳು ಬಂದುವು. ‘ಮಾರಿಯೋ ಕಾರ್ಟ್ ಟೂರ್’ ಆಟದಲ್ಲಿ ಅದೃಷ್ಟದ ಕೊಳವೆಗಳನ್ನು 2022ರಲ್ಲಿ ತೆಗೆದು ನೇರವಾದ ಅಂಗಡಿಯನ್ನಿಟ್ಟರು. ಮೂಟೆಯ ಬಾಯಿ ಬಿಚ್ಚಿಯೂ ವ್ಯಾಪಾರ ಮಾಡಬಹುದೆಂಬುದಕ್ಕೆ ಈ ನಿದರ್ಶನಗಳು ಸಾಲವೇ? ಬೆಲೆ ಹೆಚ್ಚೋ ಕಡಮೆಯೋ, ಕಂಡ ವಸ್ತುವಿಗೆ ಕಂಡ ಬೆಲೆ ಕೊಡುವುದು ಕ್ರಯ. ಕಾಣದುದಕ್ಕೆ ಕೊಡುವುದು ಪಣ.

ಕಾಯಿದೆಯು ಪೂರ್ಣವಾಗುವವರೆಗೆ ಮನೆಯು ತನ್ನ ಕಟ್ಟಳೆಯನ್ನು ತಾನೇ ಮಾಡಿಕೊಳ್ಳಬೇಕು. ನಮ್ಮ ಸೂಚನೆಗಳು ಇವು.

ಮೊದಲನೆಯದಾಗಿ, ಮಕ್ಕಳ ಕೈಗೆ ಕೊಡುವ ಮೊಬೈಲಿನಲ್ಲಿ ಬ್ಯಾಂಕಿನ ಕಾರ್ಡಿನ ಸಂಖ್ಯೆಯನ್ನು ಉಳಿಸಿಡಬಾರದು. ಯುಪಿಐ ಗುಪ್ತಸಂಖ್ಯೆಯನ್ನು ಮಕ್ಕಳೆದುರು ಒತ್ತಬಾರದು. ‘ಅಜ್ಜನಿಗೆ ಕಣ್ಣು ಕಾಣದು, ನೀನೇ ಒತ್ತು ಮಗು’ ಎಂದು ಸಂಖ್ಯೆಯನ್ನು ಹೇಳಿಕೊಡುವ ವಾಡಿಕೆ ಎಷ್ಟೋ ಮನೆಗಳಲ್ಲುಂಟು, ಅದು ನಿಲ್ಲಬೇಕು. ಆಟದ ಅಂಗಡಿಯಲ್ಲಿ ಪ್ರತಿಯೊಂದು ಖರೀದಿಗೂ ಗುಪ್ತಪದ ಕೇಳುವಂತೆಯೂ, ಮಗುವಿನ ಕೋರಿಕೆಯು ಹಿರಿಯರ ಒಪ್ಪಿಗೆಗೆ ಬರುವಂತೆಯೂ ಏರ್ಪಡಿಸಲು ಅನುಕೂಲವಿದೆ, ಅದನ್ನು ಉಪಯೋಗಿಸಬೇಕು.

ಎರಡನೆಯದಾಗಿ, ‘ಏನನ್ನೂ ಕೊಳ್ಳಕೂಡದು’ ಎಂಬ ನಿಷೇಧಕ್ಕಿಂತ ‘ಕಾಣದುದನ್ನು ಕೊಳ್ಳಕೂಡದು’ ಎಂಬ ನಿಯಮವು ಮೇಲು. ತಿಂಗಳಿಗೆ ಇಷ್ಟೆಂದು ಒಂದು ಸಣ್ಣ ಮೊತ್ತವನ್ನು ಗೊತ್ತುಮಾಡಿ, ಕಣ್ಣೆದುರಿಗೆ ಕಾಣುವ ಕಾರನ್ನೋ ಬಣ್ಣವನ್ನೋ ಕೊಳ್ಳಲು ಬಿಟ್ಟರೆ ಮಗುವು ಬೆಲೆಯ ವಿವೇಚನೆಯನ್ನು ಕಲಿಯುವುದು. ಕೊಂಡುದನ್ನು ನಾಣ್ಯದ ಲೆಕ್ಕದಲ್ಲಲ್ಲ, ರೂಪಾಯಿಯ ಲೆಕ್ಕದಲ್ಲಿ, ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಅದರ ಕೈಯಿಂದಲೇ ಬರೆಯಿಸಬೇಕು. ಹಾಲಿನ ಖರ್ಚು, ಗೊಬ್ಬರದ ಖರ್ಚು, ಆಳುಗಳ ಕೂಲಿ ಇವುಗಳ ಕೆಳಗೆ ತನ್ನ ಕಾರಿನ ಬಣ್ಣದ ಖರ್ಚನ್ನು ಬರೆಯುವಾಗ ಮಗುವಿಗೆ ತಾನಾಗಿಯೇ ಕೆಲವು ವಿಚಾರಗಳು ಹೊಳೆಯುವುವು.

ಮೂರನೆಯದಾಗಿ, ಹಿರಿಯರು ಒಂದು ಸಂಜೆಯಾದರೂ ಮಕ್ಕಳ ಪಕ್ಕದಲ್ಲಿ ಕುಳಿತು ಆಟವನ್ನು ನೋಡಬೇಕು. ಪೆಟ್ಟಿಗೆಯ ಸಂಭವಗಳನ್ನು ಬರೆದ ಪುಟವು ಎಲ್ಲಿದೆಯೆಂದು ಮಗುವನ್ನೇ ಕೇಳಿ ತೆಗೆಯಿಸಿ ಓದಬೇಕು. ತಾನು ಕಾಣದ ಆಟವನ್ನು ಬೈಯುವ ತಂದೆಯ ಮಾತಿಗೆ ಯಾವ ಮಗುವೂ ಬೆಲೆ ಕೊಡದು.

ಇಷ್ಟಾಗಿಯೂ ಒಂದು ದಿನ ಬ್ಯಾಂಕಿನ ಒಕ್ಕಣೆಯಲ್ಲಿ ಸಾವಿರಗಟ್ಟಲೆ ರೂಪಾಯಿ ಕಾಣೆಯಾದುದು ಕಂಡರೆ ಮಾಡತಕ್ಕದ್ದೇನು? ಕೂಡಲೆ ಆ ಅಂಗಡಿಗೆ, ಸಾಧ್ಯವಾದರೆ 48 ಗಂಟೆಗಳೊಳಗೆ, ಹಣ ಹಿಂದಿರುಗಿಸಬೇಕೆಂದು ಅರ್ಜಿ ಹಾಕಬೇಕು. ಹದಿನೆಂಟು ತುಂಬದವರು ಮಾಡಿದ ಕರಾರು ಊರ್ಜಿತವಲ್ಲವೆಂಬುದು 1872ರ ಕರಾರು ಕಾಯಿದೆಯ ಮೇಲೆ 1903ರಲ್ಲಿ ಪ್ರಿವಿ ಕೌನ್ಸಿಲ್ಲು ಕೊಟ್ಟ ತೀರ್ಪು. ಖರೀದಿಸಿದವನು ಬಾಲಕನೆಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಹಿರಿಯರ ಸ್ಪಷ್ಟವಾದ ಒಪ್ಪಿಗೆಯಿಲ್ಲದೆ ಮಕ್ಕಳು ಮಾಡಿದ ಖರೀದಿಗಳ ವಿಚಾರದಲ್ಲಿ ಆಪಲ್ ಕಂಪೆನಿಯು ಕಡಮೆಯೆಂದರೂ 3 ಕೋಟಿ 25 ಲಕ್ಷ ಡಾಲರುಗಳನ್ನು ಹಿಂದಿರುಗಿಸಲು 2014ರಲ್ಲಿ ಅಮೆರಿಕದ ಸರ್ಕಾರಕ್ಕೆ ಒಪ್ಪಿಕೊಂಡಿತು; ಆದುದರಿಂದ ಕೇಳುವುದಕ್ಕೆ ಸಂಕೋಚಪಡಬೇಕಾದುದಿಲ್ಲ. ಉತ್ತರ ಬಾರದಿದ್ದರೆ 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಗ್ರಾಹಕರ ಸಹಾಯವಾಣಿಯಲ್ಲಿ ದೂರು ಕೊಡಬಹುದು.

ಹಣದ ಮಾತು ಹೀಗೆ. ಮಗುವಿನ ಮಾತು ಅದಕ್ಕಿಂತ ದೊಡ್ಡದು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ಇಂಥ ಹೊತ್ತಿನಲ್ಲಿ ಮಗುವಿನ ಮೇಲೆಯೇ ಎಸೆಯುವುದು ಸುಲಭ. ಆದರೆ ಎಂಟು ಸಾವಿರ ರೂಪಾಯಿಗಾಗಿ ಹನ್ನೆರಡು ವರ್ಷದ ಹುಡುಗನಿಗೆ ಕಳ್ಳನೆಂಬ ಹೆಸರಿಟ್ಟು, ನೆಂಟರಿಷ್ಟರೆದುರು ಅದನ್ನಾಡಿದರೆ, ಆ ಮನೆಯಲ್ಲಿ ಹೋದ ಮಾನವು ಯಾರದು? ಮುಂದಿನ ಸಲ ಆ ಮಗುವು ತಪ್ಪಿದುದನ್ನು ಮುಚ್ಚಿಡುವುದೇ ಹೊರತು ಬಂದು ಹೇಳದು. ಮೊದಲು ಕೇಳಬೇಕಾದುದು ‘ಏಕೆ ಕದ್ದೆ?’ ಎಂದಲ್ಲ, ‘ಯಾವ ಕಾರು ಬೇಕಾಗಿತ್ತು? ಸಿಕ್ಕಿತೇ?’ ಎಂದು. ಅದಕ್ಕೆ ಬರುವ ಉತ್ತರದಲ್ಲಿ, ಎಷ್ಟು ಸಲ ತೆರೆದೂ ಸಿಕ್ಕಲಿಲ್ಲವೆಂಬ ದುಃಖವನ್ನು ಹಿರಿಯರು ಕೇಳುವರು. ಆ ದುಃಖವು ನಿಜವಾದುದು. ಅದನ್ನು ಒಪ್ಪಿಕೊಂಡ ಮೇಲೆಯೇ ಲೆಕ್ಕವನ್ನು ತೋರಿಸಬೇಕು.

ಆಟವನ್ನು ಬಿಡಲಾರದೆ ಊಟ, ನಿದ್ರೆ, ಪಾಠಗಳು ಕೆಡುತ್ತಿದ್ದರೆ ಅದು ಬೈಗುಳದಿಂದ ನೀಗುವ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ಚಟಕ್ಕೂ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ ಇದಕ್ಕೆಂದೇ ಒಂದು ಚಿಕಿತ್ಸಾಶಾಖೆಯಿದೆ. ಅಷ್ಟು ದೂರ ಹೋಗಲಾರದವರು 14416 ಎಂಬ ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೆ ಮನೆಯಿಂದಲೇ, ಕನ್ನಡದಲ್ಲಿಯೇ, ಮಾತನಾಡಬಹುದು.

ಮಳೆಗಾಲವು ಇನ್ನೂ ಎಷ್ಟೋ ಬರುವುವು. ಮೊಬೈಲೂ ಮನೆಯನ್ನು ಬಿಟ್ಟು ಹೋಗುವಂತಿಲ್ಲ. ಮಗನು ಕಾರನ್ನು ಓಡಿಸಲಿ, ಗೆಲ್ಲಲಿ, ಸೋತು ಮತ್ತೆ ಆಡಲಿ. ಮೂಟೆಯ ಬಾಯಿ ಬಿಚ್ಚಿ ನೋಡದೆ ಮಾತ್ರ ದುಡ್ಡು ಕೊಡುವುದು ಬೇಡ. ತಮ್ಮ ಮನೆಗಳಲ್ಲಿ ಇಂಥ ಕಟ್ಟಳೆಯನ್ನು ಮಾಡಿಕೊಂಡಿರುವ ಗೃಹಸ್ಥರೂ ಗೃಹಿಣಿಯರೂ ಅದು ನಡೆದುಬಂದ ಬಗೆಯನ್ನು ನಮಗೆ ಬರೆದು ತಿಳಿಸಿದರೆ, ಇತರ ವಾಚಕರಿಗೂ ಉಪಕಾರವಾಗುವುದು.